ಹಿಂದಿನ ಕಿಟಕಿಯ ದಬದಬ

೨೦೧೪ರ ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಮಾವ ಬಿಟ್ಟುಹೋದ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಆಗಲೇ ಹೋಗಿ ಕುಳಿತಿದ್ದರು. ಕಾರು ಕೊಳ್ಳುವವರು ಮಧ್ಯಾಹ್ನ ಬರುವವರಿದ್ದರು.

“ಕೊನೇ ಸಲ ಒಂದು ಸುತ್ತು ಹಾಕಿಸು. ಆಮೇಲೆ ಯಾರಿಗಾದ್ರೂ ಕೊಡು, ನಾನೇನೂ ಬೇಡ ಅನ್ನಲ್ಲ,” ಎಂದು ಮಗನಿಗೆ ಹೇಳಿದರು. ಬೇಡ ಎನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಅವರ ಜಾಯಮಾನವಲ್ಲ.

ನನ್ನ ಗಂಡ ರೇಡಿಯೊದಲ್ಲಿ ವಾರ್ತೆ ಓದುವವರು. ಗಂಟಲೇ ಬಂಡವಾಳ. ಸೆಕೆಯಲ್ಲೂ ಮಫ್ಲರ್ ಸುತ್ತಿಕೊಂಡು, ಮುಂದಿನ ಎರಡೂ ಕಿಟಕಿ ಬಿಗಿಯಾಗಿ ಮುಚ್ಚಿಯೇ ಕಾರು ಓಡಿಸುತ್ತಾರೆ. ಅತ್ತೆಗೋ ಗಾಳಿ ಇಲ್ಲದಿದ್ದರೆ ಹೊಟ್ಟೆ ತೊಳಸುತ್ತದೆ. ಅವರ ಪಕ್ಕದ ಕಿಟಕಿ ಪೂರ್ತಿ ಇಳಿದಿರಬೇಕು. ವೇಗ ಅರವತ್ತು ಮುಟ್ಟಿತೆಂದರೆ ಹಿಂದಿನಿಂದ ದಬದಬ ಶುರುವಾಗುತ್ತಿತ್ತು. ಕಿವಿಗೆ ಯಾರೋ ದಿಂಬು ಒತ್ತಿ ಒತ್ತಿ ತೆಗೆದಂತೆ. ಚಕ್ರ ಕೆಟ್ಟಿದೆ ಎಂದು ಗಂಡನ ತೀರ್ಮಾನ. ಮೆಕ್ಯಾನಿಕ್ ಮಾತ್ರ ಎರಡೆರಡು ಸಲ ಚಕ್ರ ಬಿಚ್ಚಿ ನೋಡಿ, “ನಾನು ಓಡಿಸಿದ್ರೆ ಸದ್ದೇ ಬರಲ್ವಲ್ಲ ಸಾರ್,” ಎಂದು ತಲೆ ಕೆರೆದುಕೊಂಡಿದ್ದ. ಅವನು ಮೊಣಕೈ ಹೊರಗಿಟ್ಟುಕೊಂಡೇ ಓಡಿಸುವವನು.

ಊರ ಹೊರಗಿನ ರಸ್ತೆಗೆ ಬಂದೆವು. ದಬದಬ ಹಾಜರಾಯಿತು.

“ಕೇಳಿದ್ಯಾ ಅಮ್ಮ? ಇದನ್ನ ಹೇಗೆ ಇಟ್ಕೊಳ್ಳೋದು?”

“ನಿಮ್ಮಪ್ಪನ ಗೊರಕೆ ಇದಕ್ಕಿಂತ ಜೋರಿತ್ತು ಕಣೋ. ಅವರನ್ನ ನಾನು ಮಾರಿದ್ನಾ?”

ಅಷ್ಟರಲ್ಲಿ ಮುಂದಿನ ಲಾರಿ ಧೂಳೆಬ್ಬಿಸಿತು. ಅತ್ತೆ ಕಿಟಕಿ ಏರಿಸಿದರು. ಸದ್ದು ತಟ್ಟನೆ ನಿಂತಿತು. ಚಕ್ರ ಮಾತ್ರ ಅದೇ ವೇಗದಲ್ಲಿ ತಿರುಗುತ್ತಲೇ ಇತ್ತು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ ಎಂದು ಲ್ಯಾಬಿನಲ್ಲಿ ಎಲ್ಲರಿಗೂ ಪಾಠ ಹೇಳುವವಳು ನಾನು. ಮನೆಯ ಕಾರಿನಲ್ಲಿ ಅದು ಹೊಳೆದೇ ಇರಲಿಲ್ಲ.

“ಅತ್ತೆ, ಮತ್ತೆ ಇಳಿಸಿ.” ದಬದಬ. ಮುಂದಿನ ಸೀಟಿನಲ್ಲಿ ನನ್ನ ಪಕ್ಕದ ಗಾಜನ್ನೂ ಇಳಿಸಿದೆ. ನಿಶ್ಶಬ್ದವಲ್ಲ, ಬರೀ ಗಾಳಿಯ ಸುಂಯ್.

“ಏನು ಮಾಡಿದೆ?” ಎಂದರು ಗಂಡ.

“ಖಾಲಿ ಬಾಟಲಿ ಬಾಯಿಗೆ ಅಡ್ಡಡ್ಡ ಊದಿದ್ರೆ ಗುಂಯ್ ಅನ್ನತ್ತಲ್ಲ, ಹಾಗೇರೀ. ನಾವು ಬಾಟಲಿಯೊಳಗೆ ಕೂತಿದ್ವಿ. ಇನ್ನೊಂದು ತೂತು ಮಾಡಿದೆ, ಅಷ್ಟೇ.”

“ನನ್ನ ಗಂಟಲ ಗತಿ?”

“ಮಫ್ಲರ್ ಏನು ಶೋಕಿಗಾ?” ಎಂದರು ಅತ್ತೆ.

ಅಲ್ಲಿಂದ ಚೌಕಾಸಿ ಶುರುವಾಯಿತು. ನನ್ನ ಗಾಜನ್ನು ಪೂರ್ತಿ ಏರಿಸಿ, ಮತ್ತೆ ಒಂದೊಂದೇ ಎಳೆ ಇಳಿಸುತ್ತ ಬಂದೆ. ಮೊದಲು ಸದ್ದು ಜಗ್ಗಲಿಲ್ಲ. ಆಮೇಲೆ ಮೆತ್ತಗಾಯಿತು. ಒಂದು ಹಂತದಲ್ಲಿ ಹೋಗಿಯೇಬಿಟ್ಟಿತು. ಮಫ್ಲರಿನ ತುದಿಯೂ ಅಲುಗಲಿಲ್ಲ. ಗಂಡ ರಸ್ತೆ ಬದಿಗೆ ನಿಲ್ಲಿಸಿ, ಕೊಳ್ಳುವವರಿಗೆ ಫೋನ್ ಮಾಡಿದರು. ವಾರ್ತೆಯ ದನಿಯಲ್ಲೇ, “ಕಾರು ಮಾರಾಟಕ್ಕಿಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ,” ಎಂದರು.

“ಹವಾಮಾನಾನೂ ಹೇಳ್ಬಿಡು,” ಎನ್ನುತ್ತ ಅತ್ತೆ ಕೆಳಗಿಳಿದರು. ಜೀವಮಾನವಿಡೀ ಬಟ್ಟೆ ಹೊಲಿದವರು. ಅಳತೆ ಟೇಪು, ಸೀಮೆಸುಣ್ಣ ಇಲ್ಲದೆ ಅವರ ಚೀಲ ಮನೆ ಬಿಡುವುದಿಲ್ಲ. ನನ್ನ ಕಿಟಕಿಯ ಗಾಜಿನ ಮೇಲೆ, ಬಾಗಿಲಿನ ಅಂಚಿಗೆ ಸರಿಯಾಗಿ ಒಂದು ಗೆರೆ ಎಳೆದರು. ಆಮೇಲೆ ಮೇಲಿನ ಸಂದಿಗೆ ಟೇಪು ಹಿಡಿದು, ಕನ್ನಡಕ ಸರಿಪಡಿಸಿಕೊಂಡು ಓದಿದರು: ಒಂದೂಮುಕ್ಕಾಲು ಇಂಚು.