ಸರಾಸರಿ ನೀರು

"ದೂರ ನಿಂತು ಮಾತಾಡೇ, ನಿನ್ನ ನಾತಕ್ಕೆ ಹೊಟ್ಟೆ ತೊಳಸ್ತಿದೆ," ಎಂದು ಪುರಸಭೆಯ ಎಂಜಿನಿಯರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡ.

ಉದ್ದಕ್ಕ ಬಾಗಿಲಿನತ್ತ ಸರಿದಳು. ಚರಂಡಿಯ ಹೂಳೆತ್ತುತ್ತಿದ್ದವಳು ಸಲಿಕೆ ಅಲ್ಲೇ ಒರಗಿಸಿ ನೆಟ್ಟಗೆ ಸಭಾಂಗಣಕ್ಕೆ ಬಂದಿದ್ದಳು. ಮೊಣಕಾಲಿನವರೆಗೆ ಮೆತ್ತಿದ್ದ ಕಪ್ಪು ಕೆಸರು ಇನ್ನೂ ಒಣಗಿರಲಿಲ್ಲ. ಆಳೆತ್ತರದವಳೆಂದು ಕೇರಿಯವರು ಇಟ್ಟ 'ಉದ್ದಕ್ಕ' ಎಂಬ ಅಡ್ಡಹೆಸರೇ ಎಲ್ಲರ ಬಾಯಲ್ಲೂ ಉಳಿದಿತ್ತು. ಅವಳು ಕೇಳಲು ಬಂದದ್ದು ಒಂದೇ ಮಾತು: ಕೇರಿಗೆ ಬರುತ್ತಿದ್ದ ನೀರಿನ ಟ್ಯಾಂಕರ್ ಯಾಕೆ ನಿಂತಿತು?

ಕೇರಿಯ ನಲ್ಲಿ ಚರಂಡಿಯ ದಂಡೆಯಲ್ಲಿತ್ತು. ಪೈಪು ಎಲ್ಲೋ ಒಡೆದು ಕೊಚ್ಚೆ ಒಳಗೆ ಸೇರುತ್ತಿತ್ತು. ಟ್ಯಾಂಕರ್ ನಿಂತ ಮೇಲೆ ಜನ ಅದನ್ನೇ ಸೀರೆಯ ತುದಿಯಲ್ಲಿ ಸೋಸಿ ಕುಡಿದರು. ಈಗ ಅವಳ ಬಸುರಿ ಸೊಸೆ ಕಣ್ಣು ಹಳದಿಗಟ್ಟಿ ಆಸ್ಪತ್ರೆ ಸೇರಿದ್ದಳು. ಎರಡು ಜೀವದಲ್ಲಿ ಯಾವುದರ ಭರವಸೆಯನ್ನೂ ಕೊಡಲಾರೆ ಎಂದು ಡಾಕ್ಟರು ಕೈಚೆಲ್ಲಿದ್ದರು.

ಎಂಜಿನಿಯರ್ ಗೋಡೆಯ ಪರದೆಯತ್ತ ಬೆರಳು ಮಾಡಿದ. ಊರಿನ ನೀರು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಎಂದು ಲೆಕ್ಕಹಾಕಿ ಚಿತ್ರಗಳಲ್ಲಿ ತೋರಿಸಲು ಪುರಸಭೆ ಹೊರಗಿನ ಸಲಹೆಗಾರರನ್ನು ನೇಮಿಸಿತ್ತು. ಅವರು ಬಿಡಿಸಿದ ನಕ್ಷೆ ಪರದೆಯ ತುಂಬ ಹೊಳೆಯುತ್ತಿತ್ತು.

"ನೋಡು, ನಿಮ್ಮ ವಾರ್ಡು ಹಸಿರು. ಅಂದ್ರೆ ನೀರು ಚೆನ್ನಾಗಿದೆ. ಚೆನ್ನಾಗಿರೋ ಕಡೆ ಟ್ಯಾಂಕರ್ ಯಾಕೆ ಬೇಕು?"

ನಮ್ಮ ನಲ್ಲಿಯ ನೀರನ್ನೂ ಹಿಡಿದಿರಾ ಎಂದು ಉದ್ದಕ್ಕ ಪರದೆಯ ಪಕ್ಕ ನಿಂತಿದ್ದ ಸಲಹೆಗಾರ್ತಿಯನ್ನು ಕೇಳಿದಳು. ಇನ್ನೂ ಚಿಕ್ಕ ವಯಸ್ಸಿನವಳು. ಹಿಡಿದಿದ್ದೇವೆ ಎಂದವಳೇ ಯಾವುದೋ ಗುಂಡಿ ಒತ್ತಿದಳು. ಹಸಿರು ಪದರ ಸರಿದು ಚುಕ್ಕಿಗಳು ಕಂಡವು. ಮೇಲಿನ ಬೀದಿಯ ತುಂಬ ಹಸಿರು ಚುಕ್ಕಿಗಳಿದ್ದವು. ಚರಂಡಿಯ ಪಕ್ಕದಲ್ಲಿ ಒಂದೇ ಒಂದು ಕೆಂಪು.

ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಇಡೀ ವಾರ್ಡು ಹಸಿರಾಗುತ್ತದೆ, ಬಿಡಿಬಿಡಿಯಾಗಿ ತೋರಿಸುವುದು ಬೇಡ ಎಂದು ಈ ಎಂಜಿನಿಯರ್ ಸಾಹೇಬರೇ ಹೇಳಿದರು ಎಂದು ಹುಡುಗಿ ತಲೆ ತಗ್ಗಿಸಿ ವಿವರಿಸಿದಳು.

"ಅದನ್ನ ಮುಚ್ಚಮ್ಮ," ಎಂದ ಎಂಜಿನಿಯರ್. ಅವಳು ಮುಚ್ಚಿದಳು.

"ಮೇಲಿನ ಬೀದಿಯೋರು ಕುಡಿದ ಒಳ್ಳೇ ನೀರು ನನ್ನ ಸೊಸೆ ಹೊಟ್ಟೆಗೆ ಹೆಂಗೆ ಇಳಿಯುತ್ತೆ, ಸಾರ್?"

ಯಾರೋ ಕಿಸಕ್ಕೆಂದು ನಕ್ಕರು. ಎಂಜಿನಿಯರಿನ ಮುಖ ಕೆಂಪೇರಿತು. "ಗುತ್ತಿಗೆ ಮೇಲಿರೋ ಮುಂಡೇದು ನೀನು, ನಾಲಿಗೆ ಬಿಗಿ ಹಿಡ್ಕೋ. ನಡಿ ಆಚೆ," ಎಂದ. ಅವಳು ಹೊಸ್ತಿಲು ದಾಟುವ ಮೊದಲೇ ಜವಾನ ಅವಳು ನಿಂತಿದ್ದ ಜಾಗಕ್ಕೆ ಫಿನೈಲ್ ಸುರಿದು ಒರೆಸತೊಡಗಿದ.

ಹೊರಗೆ ಅಂಗಳದಲ್ಲಿ ಟ್ಯಾಂಕರ್ ತುಂಬುತ್ತಿತ್ತು. ಅದರ ಡ್ರೈವರ್ ಅವಳ ಮೈದುನ. ಎಲ್ಲಿಗೆ ಎಂದು ಕೇಳಿದಳು. ಮೇಲಿನ ಬೀದಿಯ ಅಧಿಕಾರಿಗಳ ಮನೆಗಳಿಗೆ, ಕೈತೋಟಕ್ಕೆ ಎಂದ. ಅವಳು ನಕ್ಷೆಯಲ್ಲಿ ನೋಡಿ ಬಂದಿದ್ದಳು. ಆ ಬೀದಿಯೂ ಹಸಿರೇ. ಗಾಡಿ ಹತ್ತಿ ಅವನ ಪಕ್ಕ ಕೂತಳು.

"ಕೇರಿ ಕಡೆ ತಿರುಗ್ಸು."

"ಕೆಲಸ ಹೋಗುತ್ತೆ, ಅತ್ತಿಗೆ."

"ನಿಮ್ಮಣ್ಣನ ಮೊಮ್ಮಗು ಹೋಗ್ತಿದೆಯಲ್ಲೋ."

ಅವನು ಗಾಡಿ ಹೊರಡಿಸಿದ. ತಿರುವು ಬಂದಾಗ ಸ್ಟಿಯರಿಂಗನ್ನು ಕೇರಿಯತ್ತ ಎಳೆದ.

ಗಾಡಿ ನಿಂತದ್ದೇ ತಡ, ಬಿಂದಿಗೆ, ಬಕೆಟ್ಟು, ಎಣ್ಣೆ ಡಬ್ಬ, ಕೈಗೆ ಸಿಕ್ಕಿದ್ದನ್ನು ಹಿಡಿದು ಹೆಂಗಸರು ಓಡಿಬಂದರು. ಉದ್ದಕ್ಕನೇ ವಾಲ್ವು ತಿರುಗಿಸಿದಳು. ತೊಟ್ಟೂ ಚೆಲ್ಲದಂತೆ ಒಬ್ಬೊಬ್ಬರಿಗೇ ಹಿಡಿದುಕೊಟ್ಟಳು. ಸಾಲು ಅರ್ಧ ಕರಗುವಷ್ಟರಲ್ಲಿ ಜೀಪು ಬಂತು. ಎಂಜಿನಿಯರ್ ಇಳಿದು, ನೀರು ಕದ್ದ ಕೇಸು ಹಾಕಿಸುತ್ತೇನೆ, ನಿಲ್ಲಿಸು ಎಂದು ಅರಚಿದ. "ಬೋಳೀಮಗ, ಬಂದು ನಮ್ಮ ನಲ್ಲಿ ನೀರು ಕುಡೀಲಿ," ಎಂದಳು ಸಾಲಿನಲ್ಲಿದ್ದ ಮುದುಕಿ. ಅವನು ಫೋನು ತೆಗೆದು ಪೊಲೀಸರನ್ನು ಕರೆದ. ಯಾರೂ ಸಾಲು ಬಿಟ್ಟು ಕದಲಲಿಲ್ಲ.

ಆಗ ಕೇರಿಯ ತಿರುವಿನಲ್ಲಿ ಉದ್ದಕ್ಕನ ಮಗ ಕಾಣಿಸಿದ. ಹೆಂಡತಿಯ ಸೀರೆ, ಬಳೆಗಳ ಗಂಟು ಹಿಡಿದು ಆಸ್ಪತ್ರೆಯಿಂದ ನಡೆದೇ ಬಂದಿದ್ದ. ಹತ್ತಿರ ಬರದೆ, ಅಲ್ಲೇ ಗೋಡೆಗೆ ಒರಗಿ ನೆಲ ನೋಡುತ್ತ ನಿಂತುಬಿಟ್ಟ. ಬಿಂದಿಗೆ ಇಡಲು ಬಾಗಿದ್ದವಳು ಹಿಂದೆ ಸರಿದಳು.

ಉದ್ದಕ್ಕ ಮಗನನ್ನು ನೋಡಿದಳು. ವಾಲ್ವಿನಿಂದ ಕೈ ತೆಗೆಯಲಿಲ್ಲ.

"ಮುಂದಿನ ಬಿಂದಿಗೆ ಇಡ್ರೇ," ಎಂದಳು.