ಸವೆಯದ ಟೈರಿಗೂ ವಯಸ್ಸಾಗುತ್ತದೆ

ಬಿ.ದುರ್ಗದ ಸರ್ವಮಂಗಳಮ್ಮ ಐವತ್ತು ದಾಟಿದ ಮೇಲೆ ಕಾರು ಕಲಿತರು. ಕಲಿಯದೆ ಬೇರೆ ದಾರಿ ಇರಲಿಲ್ಲ. ಗಂಡ ಪಂಚಾಕ್ಷರಪ್ಪನವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್ ಆಗಲೇಬೇಕು. ಹತ್ತಿರದಲ್ಲೆಲ್ಲೂ ಪಾಳಿ ಸಿಗದೆ ಚಿತ್ರದುರ್ಗದ ಆಸ್ಪತ್ರೆಯೇ ಗತಿಯಾಗಿತ್ತು. ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಅವರಿಗಿರಲಿಲ್ಲ. ಬಾಡಿಗೆ ಕಾರಿನವರು ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಮಾತ್ರ ಅವರದೇ ಬಿಳಿ ಸೆಡಾನ್ ಕಾರು ಟಾರ್ಪಾಲು ಹೊದ್ದು ನಿಂತಿತ್ತು. ಗೊಬ್ಬರದ ಅಂಗಡಿ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ತಂದದ್ದು. ಮದುವೆ, ಮಠ, ನೆಂಟರ ಮನೆ ಬಿಟ್ಟರೆ ಹೆಚ್ಚು ಓಡಿದ್ದೇ ಇಲ್ಲ.

ಕಲಿತದ್ದೇನೋ ಆಯಿತು, ಲೈಸೆನ್ಸೂ ಬಂತು. ಆದರೆ ಎದೆಯೊಳಗಿನ ಪುಕಪುಕ ಹೋಗಲಿಲ್ಲ. ಕಣ್ಣು ರಸ್ತೆಯ ಮೇಲಿದ್ದರೆ ಕಿವಿ ಹಿಂದಿನ ಸೀಟಿನ ಕಡೆ. ಚಿಕ್ಕ ಗುಂಡಿ ಸಿಕ್ಕರೂ ಕಾರು ಕಟ್ಟಿಗೆ ಗಾಡಿಯ ಹಾಗೆ ಎತ್ತಿ ಹಾಕುತ್ತಿತ್ತು. ಕಾಯಿಲೆಯಿಂದ ಮೂಳೆ ಸೊರಗಿದ್ದ ಪಂಚಾಕ್ಷರಪ್ಪ ಹಲ್ಲು ಕಚ್ಚಿಕೊಂಡು ನರಳುತ್ತಿದ್ದರು. ಜೊತೆಗೆ ದಾರಿಯುದ್ದಕ್ಕೂ ಚಕ್ರದ ಕಡೆಯಿಂದ ಗುಂಯ್ ಎನ್ನುವ ಸದ್ದು.

"ರೀ, ಈ ಸದ್ದು ಮೊದ್ಲು ಇರ್ಲಿಲ್ಲ," ಎಂದರು ಸರ್ವಮಂಗಳಮ್ಮ ಒಂದು ದಿನ.

"ಅದು ರೋಡಿನ ಸದ್ದು. ನೀನು ಮುಂದೆ ನೋಡ್ಕಂಡು ಓಡ್ಸು."

"ಸ್ಟೇರಿಂಗೂ ನಡುಗ್ತೈತೆ. ಟೈರ್ ಬದಲಾಯಿಸ್ಬೇಕೇನೋ ನೋಡ್ರಿ."

"ನಡುಗೋದು ನಿನ್ನ ಕೈ. ಟೈರಿಗೇನಾಗೈತೆ? ಬಟನ್ ನೋಡು, ಹೊಸದರ ಹಂಗೇ ಅವೆ. ಓಡದೇ ಇರೋ ಟೈರು ಸವೆಯೋದೆಂಗೆ?"

ಸರ್ವಮಂಗಳಮ್ಮ ಬಗ್ಗಿ ನೋಡಿದರು. ಗಂಡ ಹೇಳಿದ್ದು ನಿಜ. ಟೈರಿನ ಮೈಮೇಲಿನ ರಬ್ಬರ್ ಬಟನ್ನುಗಳು ಸವೆದಿರಲಿಲ್ಲ, ಅವುಗಳ ನಡುವಿನ ಗೀರುಗಳು ಆಳವಾಗಿಯೇ ಇದ್ದವು. ಅಳುಕು ಮಾತ್ರ ಹಾಗೇ ಉಳಿಯಿತು.

ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೊರಟಿದ್ದರು. ಹೊಳಲ್ಕೆರೆ ದಾಟಿ ಸ್ವಲ್ಪ ದೂರ ಹೋಗಿರಬೇಕು, ಎದುರಿಗೆ ಕುರಿಮಂದೆ ರಸ್ತೆ ದಾಟುತ್ತಿತ್ತು. ಸರ್ವಮಂಗಳಮ್ಮ ದೂರದಿಂದಲೇ ಬ್ರೇಕು ಒತ್ತಿದರು. ಕಾರು ನಿಲ್ಲಲಿಲ್ಲ. ಸೋಪು ಸವರಿದ ಬಂಡೆಯ ಮೇಲೆ ಕಾಲಿಟ್ಟಂತೆ ಜಾರಿಕೊಂಡೇ ಹೋಯಿತು. ಹಿಂದೆ ಉಳಿದಿದ್ದ ಕುರಿಮರಿಯೊಂದನ್ನು ಎತ್ತಿಕೊಳ್ಳಲು ಒಬ್ಬ ಹೆಂಗಸು ನಡುರಸ್ತೆಯಲ್ಲಿ ಬಗ್ಗಿದ್ದಳು. ಸರ್ವಮಂಗಳಮ್ಮ ಸ್ಟೇರಿಂಗನ್ನು ಎಡಕ್ಕೆ ಎಳೆದರು. ಕಾರು ಅಡ್ಡಡ್ಡ ತಿರುಗಿ, ರಸ್ತೆ ಪಕ್ಕದ ಕೆಸರಿನಲ್ಲಿ ಹೂತು ನಿಂತಿತು. ಹೆಂಗಸು ಕೈಚಾಚಿದರೆ ಬಾನೆಟ್ಟು ಸಿಗುತ್ತಿತ್ತು. ಅವಳು ಮರಿಯನ್ನು ಎದೆಗೊತ್ತಿಕೊಂಡು ಕಾರನ್ನೇ ನೋಡುತ್ತ ನಿಂತುಬಿಟ್ಟಳು.

"ಲೇ, ಹಿಂಗಾ ಬ್ರೇಕ್ ಹಾಕೋದು?" ಮುಂದಿನ ಸೀಟಿಗೆ ಹಣೆ ಬಡಿಸಿಕೊಂಡ ಪಂಚಾಕ್ಷರಪ್ಪ ಗದರಿದರು.

"ನಾನು ಬೇಗ್ನೇ ಹಾಕ್ದೆ ಕಣ್ರಿ. ಅದು ನಿಲ್ಲಲೇ ಇಲ್ಲ." ಸರ್ವಮಂಗಳಮ್ಮನಿಗೆ ಸ್ಟೇರಿಂಗಿನಿಂದ ಬೆರಳು ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ದಾರಿಹೋಕರು ಕಾರನ್ನು ಕೆಸರಿನಿಂದ ತಳ್ಳಿಕೊಟ್ಟರು. ಅಲ್ಲಿಂದ ಚಿತ್ರದುರ್ಗದವರೆಗೆ ಎತ್ತಿನ ಗಾಡಿಯ ವೇಗದಲ್ಲಿ ಹೋದರು. ಗಂಡನನ್ನು ಡಯಾಲಿಸಿಸ್ ಕೋಣೆಗೆ ಬಿಟ್ಟವರೇ ಪಲ್ಲವಿಗೆ ಫೋನು ಮಾಡಿದರು. ಪಲ್ಲವಿ ಪಂಚಾಕ್ಷರಪ್ಪನವರ ತಮ್ಮನ ಮಗಳು, ಚಿತ್ರದುರ್ಗದಲ್ಲೇ ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ಪಾಠ ಹೇಳುವವಳು. ದೊಡ್ಡಮ್ಮನ ದನಿ ಕೇಳಿದ್ದೇ ಸ್ಕೂಟರ್ ಹತ್ತಿ ಬಂದಳು. ಬಂದವಳು ಕಾರಿನ ನಾಲ್ಕೂ ಚಕ್ರದ ಪಕ್ಕ ಕೂತು, ಕೈಯಾಡಿಸಿ ನೋಡಿದಳು.

"ಇಲ್ಲಿ ಕೈ ಇಡ್ರಿ ದೊಡ್ಡಮ್ಮ."

ಮುಂದಿನ ಎಡ ಟೈರಿನ ಒಳಬದಿಯಲ್ಲಿ ನಿಂಬೆಕಾಯಿಯಂಥ ಉಬ್ಬು ಸಿಕ್ಕಿತು. ಸರ್ವಮಂಗಳಮ್ಮ ಕೆಂಡ ಮುಟ್ಟಿದವರಂತೆ ಕೈ ತೆಗೆದರು.

"ಒಳಗೆ ಟೈರನ್ನ ಹಿಡಿದಿಟ್ಟ ದಾರ ಹರಿದೈತೆ. ಈಗ ತೆಳ್ಳಗಿನ ರಬ್ಬರೊಂದೇ ಗಾಳಿ ತಡೀತಿರೋದು. ಯಾವಾಗ ಸಿಡಿತೈತೋ ಹೇಳಕ್ಕಾಗಲ್ಲ. ಇಲ್ಲಿ ನೋಡ್ರಿ, ಪಕ್ಕದಲ್ಲೆಲ್ಲ ಸಣ್ಣ ಸಣ್ಣ ಬಿರುಕು. DOT ಅಂತ ಶುರುವಾಗೋ ಈ ನಂಬರ್ ಕೊನೇಲಿ ನಾಲ್ಕು ಅಂಕಿ ಅವೆಯಲ್ಲ? ಮೊದಲೆರಡು ಟೈರ್ ತಯಾರಾದ ವಾರ, ಆಮೇಲಿನೆರಡು ವರ್ಷ. ಇದು ಎರಡು ಸಾವಿರದ ಹದಿನಾರರಾಗೆ ಆಗಿರೋ ಟೈರು."

ಆಸ್ಪತ್ರೆಯ ಕಾವಲುಗಾರನ ನೆರವಿನಿಂದ ಆ ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಿದರು. ಅದೂ ಅಷ್ಟೇ ಹಳೆಯದು, ಆದರೆ ಉಬ್ಬಿರಲಿಲ್ಲ. ಹತ್ತಿರದ ಟೈರ್ ಅಂಗಡಿಯವರೆಗೆ ಮೆಲ್ಲಗೆ ಹೋಗಬಹುದು ಎಂದಳು ಪಲ್ಲವಿ.

ಡಯಾಲಿಸಿಸ್ ಮುಗಿಸಿ ಹೊರಬಂದ ಪಂಚಾಕ್ಷರಪ್ಪ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು.

"ಒಂದು ಟೈರ್ ಹೋಗೈತೆ, ಸರಿ, ಒಂದು ಹಾಕ್ಸಿದ್ರಾತು. ಬಟನ್ ಇರೋ ಟೈರನ್ನೆಲ್ಲ ಯಾಕೆ ಬಿಸಾಕ್ಬೇಕು?"

"ಬಟನ್ ಇದ್ರೂ ರಬ್ಬರ್ ಗಟ್ಟಿಯಾಗೈತೆ ದೊಡ್ಡಪ್ಪ. ಶೆಡ್ಡಿನ ಕಾವಿಗೆ, ಗಾಳಿಗೆ, ನಿಂತಲ್ಲೇ ನಿಂತು ಒಣಗೈತೆ. ಗಟ್ಟಿ ರಬ್ಬರ್ ಮಳೇಲಿ ರಸ್ತೆ ಹಿಡಿಯಲ್ಲ. ಬೆಳಿಗ್ಗೆ ಜಾರಿದ್ದು ಅದಕ್ಕೇ. ನಿಮ್ಮ ಬೆನ್ನಿಗೆ ಅಷ್ಟು ಪೆಟ್ಟು ಬೀಳೋದೂ ಅದಕ್ಕೇ. ಹೊಸ ಟೈರಿನಂಗೆ ಅದು ಬಾಗಲ್ಲ."

"ಮುಂದಿನ ತಿಂಗಳು ನೋಡಾಣ ಬಿಡಮ್ಮ."

ಸರ್ವಮಂಗಳಮ್ಮ ಕಾರಿನ ಕೀಲಿಯನ್ನು ಬೆಂಚಿನ ಮೇಲಿಟ್ಟರು. "ಮುಂದಿನ ತಿಂಗಳವರೆಗೆ ನಿಮ್ಮನ್ನ ಇಲ್ಲಿಗೆ ಎಷ್ಟು ಸಲ ಕರ್ಕಂಡು ಬರ್ಬೇಕು? ಆ ಟೈರ್ ಮೇಲೆ ನಾನು ನಿಮ್ಮನ್ನ ಕೂರಿಸ್ಕಳಲ್ಲ. ಆ ಹೆಂಗಸಿನ ಮುಖ ಕಣ್ಣಿಂದ ಹೋಗ್ತಿಲ್ಲ ನಂಗೆ."

ಪಂಚಾಕ್ಷರಪ್ಪ ಹೆಂಡತಿಯ ಮುಖ ನೋಡಿದರು. "ನಡೀರಿ, ಹೋಗಾಣ," ಎಂದರು.

ಅಂಗಡಿಯ ಮುರುಗೇಶ್ ಕಾರನ್ನು ಕಂಡವನೇ ಅಗಲದ ಟೈರೊಂದನ್ನು ಉರುಳಿಸಿಕೊಂಡು ಬಂದ. "ಇದು ಹಾಕ್ಸ್ರಿ ಯಜಮಾನ್ರೇ. ಕಾರಿನ ಗತ್ತೇ ಬದಲಾಗ್ತೈತೆ."

ಪಂಚಾಕ್ಷರಪ್ಪನವರಿಗೂ ಅದು ಹಿಡಿಸಿತು. ಪಲ್ಲವಿ ಡ್ರೈವರ್ ಬಾಗಿಲು ತೆರೆದು, ಅಂಚಿಗೆ ಅಂಟಿಸಿದ್ದ ಚೀಟಿ ತೋರಿಸಿದಳು. "ಕಾರು ಮಾಡಿದವರು ಬರೆದ ಅಳತೆ ಇದು ದೊಡ್ಡಪ್ಪ. ಆ ಅಗಲದ ಟೈರಿಗೆ ರಿಮ್ಮಿನಿಂದ ಬಟನ್‌ವರೆಗಿನ ಪಕ್ಕದ ಗೋಡೆ ಗಿಡ್ಡ. ನೋಡಕ್ಕೆ ಚಂದ, ಗುಂಡಿ ಬಂದ್ರೆ ಪೆಟ್ಟೆಲ್ಲ ಸೊಂಟಕ್ಕೇ. ಪಕ್ಕ ಎತ್ತರ ಇದ್ರೆ ಅದು ದಿಂಬಿನಂಗೆ ಪೆಟ್ಟು ನುಂಗ್ತೈತೆ." ಆಮೇಲೆ ಮುರುಗೇಶನ ಕಡೆ ತಿರುಗಿದಳು. "ಇದೇ ಅಳತೇಲಿ ಸದ್ದು ಕಡಿಮೆ ಮಾಡೋ, ಮೆತ್ತಗೆ ಓಡೋ, ಬಾಳಿಕೆ ಬರೋ ಟೈರ್ ತೋರ್ಸ್ರಿ. ಸ್ಪೀಡಿಗೆ ಅಂತ ಮಾಡಿರೋದು ಬೇಡ. ದಿನಾ ಓಡ್ಸಿದ್ರೆ ಅದು ಬೇಗ ಸವೀತೈತೆ."

"ಹಂಗಾದ್ರೆ ಇವು ತಗಳ್ರಿ. ದೂರ ಓಡೋ ಟ್ಯಾಕ್ಸಿಯವರೂ ಇದನ್ನೇ ಕೇಳ್ತಾರೆ," ಎಂದು ಮುರುಗೇಶ್ ಬೇರೆ ಟೈರು ಇಳಿಸಿದ.

ಸರ್ವಮಂಗಳಮ್ಮ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಟೈರಿನ ಕೊನೆಯ ನಾಲ್ಕು ಅಂಕಿ ಓದಿದರು. ಒಂದರ ಹತ್ತಿರ ನಿಂತರು. "ಏನಪ್ಪ, ಇದು ಮೂರು ವರ್ಷದ ಹಿಂದಿಂದು. ಇದು ಬೇಡ, ಈ ವರ್ಷದ್ದು ತಾ." ಮುರುಗೇಶ್ ಅದನ್ನು ಬದಲಿಸಿಕೊಟ್ಟ.

ಅಷ್ಟರಲ್ಲಿ ಉಬ್ಬಿದ್ದ ಟೈರನ್ನು ರಿಮ್ಮಿನಿಂದ ಬಿಡಿಸಿ ನೆಲಕ್ಕೆ ಹಾಕಿದರು. ಒಳಗೆ ಹಳೇ ಗೋಣಿಚೀಲ ಹರಿದಂತೆ ದಾರಗಳು ಕಿತ್ತು ನಿಂತಿದ್ದವು. ಪಂಚಾಕ್ಷರಪ್ಪ ಬಗ್ಗಿ ಅದನ್ನು ಮುಟ್ಟಿದರು.

"ಇದ್ರ ಮೇಲೆ ಕುಂತಿದ್ನಾ ನಾನು?"

"ಇಬ್ರೂ ಕುಂತಿದ್ವಿ," ಎಂದರು ಸರ್ವಮಂಗಳಮ್ಮ.

ಸ್ಟೆಪ್ನಿಯೂ ಸೇರಿ ಐದೂ ಬದಲಾದವು. ಸ್ಟೇರಿಂಗ್ ನಡುಗದಂತೆ ವೀಲ್ ಬ್ಯಾಲೆನ್ಸಿಂಗ್, ಚಕ್ರಗಳು ನೇರ ಓಡುವಂತೆ ಅಲೈನ್‌ಮೆಂಟ್ ಮಾಡಿಸಿ, ಚೀಟಿಯಲ್ಲಿದ್ದಷ್ಟೇ ಗಾಳಿ ತುಂಬಿಸಿದರು. ಹೆಚ್ಚು ತುಂಬಿಸಿದರೆ ಕಾರು ಕುಪ್ಪಳಿಸುತ್ತದೆ, ಕಡಿಮೆಯಾದರೆ ಟೈರಿನ ಅಂಚು ಸವೆಯುತ್ತದೆ ಎಂದಳು ಪಲ್ಲವಿ. ಮುರುಗೇಶ್ ಹಳೆಯ ಟೈರುಗಳನ್ನು ಮೂಲೆಗೆ ಸರಿಸುತ್ತಿದ್ದಾಗ ಪಂಚಾಕ್ಷರಪ್ಪ ಅವನನ್ನು ತಡೆದರು. "ಅವನ್ನ ನನ್ನ ಎದುರಿಗೇ ಕುಯ್ದು ಹಾಕಪ್ಪ. ಬಟನ್ ಚೆನ್ನಾಗವೆ ಅಂತ ಇನ್ಯಾರಾದ್ರೂ ತಗಂಡು ಹೋಗಾರು."

ಸಂಜೆಗೆ ಮುಂಚೆ ಊರಿಗೆ ಹೊರಟರು. ಮಳೆ ನಿಂತಿತ್ತು, ರಸ್ತೆ ಇನ್ನೂ ಒದ್ದೆ. ಹೊಳಲ್ಕೆರೆ ದಾಟಿದ ಮೇಲೆ ಸರ್ವಮಂಗಳಮ್ಮನಿಗೆ ಹಿಂದಿನ ಸೀಟಿನಿಂದ ಒಂದು ಸದ್ದೂ ಬರುತ್ತಿಲ್ಲ ಎನ್ನುವುದು ಹೊಳೆಯಿತು. ನರಳಿಕೆಯೂ ಇಲ್ಲ, ಗದರಿಕೆಯೂ ಇಲ್ಲ. ಗಾಬರಿಯಿಂದ ಕಾರನ್ನು ಪಕ್ಕಕ್ಕೆ ಹಾಕಿ, ತಿರುಗಿ ನೋಡಿದರು. ಪಂಚಾಕ್ಷರಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದರು.

ಕಾರು ನಿಂತದ್ದಕ್ಕೆ ಅವರಿಗೆ ಎಚ್ಚರವಾಯಿತು. "ಯಾಕೆ ನಿಲ್ಸ್ದೆ? ಊರು ಬಂತಾ?"

"ಇನ್ನೂ ಬಂದಿಲ್ಲ. ನೀವು ಮಲ್ಕಳ್ರಿ," ಎಂದು ಸರ್ವಮಂಗಳಮ್ಮ ಗೇರು ಹಾಕಿದರು.

ಓದುವ, ಕೇಳುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಕಾರಿನ ಟೈರು ಹುಟ್ಟಿದ್ದು ಯಾವ ವರ್ಷ ಎಂದು ನಿಮಗೆ ಗೊತ್ತಿದೆಯೇ? ನಾಳೆ ಗಾಡಿ ತೆಗೆಯುವ ಮೊದಲು ಬಗ್ಗಿ ಆ ನಾಲ್ಕು ಅಂಕಿ ಓದಿ. ಪಕ್ಕದ ಗೋಡೆಗೆ, ಒಳಬದಿಗೂ ಕೈಯಾಡಿಸಿ. ಬಿರುಕು ಕಂಡರೆ ತಿಳಿದವರಿಗೆ ತೋರಿಸಿ. ಉಬ್ಬು ಸಿಕ್ಕರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಹತ್ತು ವರ್ಷದವರೆಗೆ ಎಳೆಯಲೇಬೇಡಿ, ಬಟನ್ ಎಷ್ಟೇ ಇರಲಿ. ಹೊಸದು ಕೊಳ್ಳುವಾಗ ಬಾಗಿಲಿನ ಚೀಟಿಯ ಅಳತೆ ಬಿಡಬೇಡಿ, ಗತ್ತಿಗೆ ಮರುಳಾಗಬೇಡಿ. ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ನಿಮ್ಮ ಗಾಡಿಯೊಳಗೆ ನಿಮ್ಮವರಿದ್ದಾರೆ. ಅದರ ಮುಂದೆ ರಸ್ತೆ ದಾಟುವವರೂ ಯಾರದೋ ಮನೆಯವರು.