ತಿಂದ ಮಾತ್ರಕ್ಕೆ ಬೆಕ್ಕಿಗೆ ವಾಸಿಯಾಯಿತೇ?

“ಹೊಟ್ಟೆ ಬಿರಿಯೋ ಹಾಗೆ ತಿನ್ನೋ ಬೆಕ್ಕನ್ನ ಮತ್ತೆ ಆಸ್ಪತ್ರೆಗೆ ಹೊತ್ಕೊಂಡು ಹೋಗ್ತೀಯಾ? ನಿನಗೇನು ಬೇರೆ ಕೆಲಸ ಇಲ್ವಾ?” ದೆರಿಸ್ ಮೀನಿನ ಸಂಡಿಗೆ ಒಣಗಿಸುವ ತಟ್ಟಿಯನ್ನು ದಡಾರನೆ ಕೆಳಗಿಟ್ಟ.

“ಡಾಕ್ಟರು ಇವತ್ತು ಬನ್ನಿ ಅಂದಿದಾರೆ. ಹೋಗ್ಲೇಬೇಕು,” ಎಂದಳು ಹೆಂಡತಿ ಜಬೇದಾ.

“ಅವರಿಗೇನು, ಬಾ ಅಂತಾರೆ! ಹೋದ ವಾರ ಉಚ್ಚೆ ಕಟ್ಟಿತ್ತು, ನಳಿಕೆ ಹಾಕಿ ತೆಗೆದ್ರು. ಮುಗೀತು!”

ಜಬೇದಾ ನಿಂತಲ್ಲಿ ನಿಲ್ಲಲಾರದೆ ಒಳಗೂ ಹೊರಗೂ ತಿರುಗುತ್ತಿದ್ದಳು. ಕೊಮೊತ್ ಅವಳ ಮಡಿಲಲ್ಲೇ ಬೆಳೆದ ಗಂಡು ಬೆಕ್ಕು. ಬೆಳಗಿನಿಂದ ಅದೂ ಚಡಪಡಿಸುತ್ತಿತ್ತು.

ಬೇಲಿಯಾಚೆಯಿಂದ ಪಕ್ಕದ ಮನೆಯ ಸೆನಾ ಕೂಗಿದಳು. ಮರಾಂಗ್ ಕಡಲ ದಂಡೆಯ ಅರ್ಧ ಬೆಕ್ಕುಗಳನ್ನು ಸಾಕಿದವಳು ಅವಳು. “ಏ ದೆರಿಸ್, ತಿನ್ನೋದು ನೋಡಿದೆ, ಸರಿ. ಉಚ್ಚೆ ಹೊಯ್ದದ್ದು ನೋಡಿದ್ಯಾ?”

“ಬೆಕ್ಕಿನ ಹಿಂದೆ ಬಗ್ಗಿ ನೋಡ್ಕೊಂಡು ಕೂರ್ಲಾ ಅಕ್ಕ?”

“ಕೂರು! ಅಲ್ನೋಡು.”

ಕೊಮೊತ್ ಮರಳು ಕೆದಕಿ ಕೂತಿತು. ತಿಣುಕಿತು. ಏನೂ ಬರಲಿಲ್ಲ. ಎದ್ದು ಇನ್ನೊಂದು ಕಡೆ ಕೂತು ಕೂಸಿನಂತೆ ಅತ್ತಿತು.

“ಮಲ ಕಟ್ಟಿದೆ, ಅಷ್ಟೇ,” ಎಂದ ಜಗುಲಿಯಲ್ಲಿ ಕೂತಿದ್ದ ದೆರಿಸನ ಚಿಕ್ಕಪ್ಪ ಹಮಾತ್. ಊರಲ್ಲಿ ಯಾರಿಗೆ ಕಾಲು ಉಳುಕಿದರೂ, ಹೊಟ್ಟೆ ನೊಂದರೂ ಎಣ್ಣೆ ಹಚ್ಚಿ ನೀವುವವನು ಅವನೇ. ಅಂಗೈಗೆ ಎಣ್ಣೆ ಸುರಿದುಕೊಂಡ. “ತಾ ಇಲ್ಲಿ. ಹೊಟ್ಟೆ ಒತ್ತಿ ನೀವಿದ್ರೆ ಸರಿಹೋಗುತ್ತೆ.”

“ಮುಟ್ಟಬೇಡಿ!” ಸೆನಾ ಬೇಲಿ ದಾಟಿ ಬಂದಳು. “ಉಚ್ಚೆಯ ಚೀಲ ತುಂಬಿದೆ. ಒತ್ತಿದ್ರೆ ಒಡೆದುಹೋಗುತ್ತೆ!”

ಹಮಾತನ ಬೆರಳು ತಾಗಿದ್ದೇ ತಡ, ಕೊಮೊತ್ ಕಿರುಚಿತು. ದೆರಿಸ್ ಚಿಕ್ಕಪ್ಪನ ಮಣಿಕಟ್ಟು ಹಿಡಿದುಬಿಟ್ಟ. “ಜಬೇದಾ, ಬುಟ್ಟಿ ತಗೊಂಬಾರೇ. ಬೈಕ್ ತೆಗೀತೀನಿ.”

ಉಚ್ಚೆ ಮತ್ತೆ ಕಟ್ಟಿತ್ತು; ಡಾಕ್ಟರು ನಳಿಕೆ ಹಾಕಿ ತೆಗೆದರು. ಕೊಮೊತ್ ಕೆಲವು ದಿನ ಆಸ್ಪತ್ರೆಯಲ್ಲೇ ಉಳಿದು, ಬದುಕಿ ಮನೆಗೆ ಬಂತು. ಅಂದೇ ಹಮಾತ್ ಬಂದು ಜಗುಲಿಯಲ್ಲಿ ಕೂತ.

“ಈಗಲಾದ್ರೂ ಮುಗೀತಾ ನಿಮ್ಮ ಆಸ್ಪತ್ರೆ?”

“ಇಲ್ಲ ಚಿಕ್ಕಪ್ಪ. ಮುಂದಿನ ವಾರ ಮತ್ತೆ ಹೋಗ್ಬೇಕು,” ಎಂದ ದೆರಿಸ್. “ಒಮ್ಮೆ ಕಟ್ಟಿದ ಉಚ್ಚೆಯ ದಾರಿ ಒಳಗೆ ಊದಿರುತ್ತಂತೆ, ಮತ್ತೆ ಕಟ್ಟಬಹುದಂತೆ. ಹೊರಗಿಂದ ನಮಗೇನು ಕಾಣುತ್ತೆ? ಅವರು ಉಚ್ಚೆ ಪರೀಕ್ಷೆ ಮಾಡಿ ಔಷಧಿ ಹೇಳ್ತಾರೆ. ಇನ್ಮೇಲೆ ಇವನಿಗೆ ಉಪ್ಪುಮೀನು ಬಂದ್, ನೀರು ಜಾಸ್ತಿ. ಅವತ್ತು ನೀವು ಒತ್ತಿದ್ದಿದ್ರೆ ಸತ್ತೇ ಹೋಗ್ತಿದ್ದ.”

“ನನ್ನ ಕೈಯಿಂದ ಎದ್ದು ಓಡಾಡಿದವರು ಎಷ್ಟು ಜನ, ಗೊತ್ತೇನೋ?”

“ಮನುಷ್ಯರನ್ನ ಎಬ್ಬಿಸಿ, ಬೇಡ ಅನ್ನಲ್ಲ. ಬೆಕ್ಕಿನ ಹೊಟ್ಟೆಗೆ ಕೈ ಹಾಕ್ಬೇಡಿ.”

ಹಮಾತ್ ಎದ್ದ. ಎಣ್ಣೆಯ ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಹೋದ. ಮತ್ತೆ ಆ ಮನೆಗೆ ಬರಲಿಲ್ಲ.

ಕೋಪ ಬಂದವರು ಹೋಗಲಿ, ನಿಮ್ಮ ಬೆಕ್ಕಿನ ಪ್ರಾಣ ಹೋಗದಿರಲಿ. ಡಾಕ್ಟರು ಮತ್ತೆ ಬನ್ನಿ ಎಂದ ದಿನ, ಅದು ತಿನ್ನುತ್ತಿರಲಿ, ಆಡುತ್ತಿರಲಿ, ಕರೆದುಕೊಂಡು ಹೋಗಿ. ತಿಣುಕಿದರೂ ಉಚ್ಚೆ ಬಾರದಿದ್ದರೆ ಆ ದಿನಕ್ಕೂ ಕಾಯಬೇಡಿ. ಈಗಲೇ ಹೊರಡಿ!